ಹುಲ್ಲಿನ ಮೇಲೆ ಹಾಸಿ ನೋಡುವವಳು

ನನ್ನ ಅಕ್ಕ ಮಟೆರೋವಳ ಬಗ್ಗೆ ನಮ್ಮ ಕಣಿವೆಯಲ್ಲಿ ಯಾರನ್ನು ಕೇಳಿದರೂ ಮೊದಲು ಬರುವ ಮಾತು ಒಂದೇ: ಮಾಸು ಹಾಸಿ ನೋಡುವವಳು. ಕುರಿಯೋ ಹಸುವೋ ಕುದುರೆಯೋ, ಯಾವುದು ಈದರೂ ಮರಿಯ ಹಿಂದೆ ಬೀಳುವ ಮಾಸನ್ನು ಎರಡು ಕೈಯಲ್ಲಿ ಎತ್ತಿ ತಂದು, ಹುಲ್ಲಿನ ಮೇಲೆ ಹಾಸಿ, ಮಡಿಕೆ ಬಿಡಿಸಿ, ಅಂಚನ್ನೆಲ್ಲ ಮುಟ್ಟಿ ನೋಡುತ್ತಾಳೆ. ಒಂದು ಚೂರೂ ಒಳಗೆ ಉಳಿದಿಲ್ಲ ಎಂದು ಖಾತ್ರಿಯಾಗುವವರೆಗೆ ಅವಳನ್ನು ಮಾತಾಡಿಸಲು ಹೋದವರು ಬೈಸಿಕೊಂಡೇ ಬರಬೇಕು. ಪಕ್ಕದ ಜಮೀನಿನವರು ಬೇಲಿಯ ಆಚೆಯಿಂದ, ಆಂಟಿ ಮಟಿ ಬಟ್ಟೆ ಅಂಗಡಿ ತೆಗೆದಳು ನೋಡ್ರೋ ಎಂದು ನಗುತ್ತಾರೆ. ಅವಳು ತಲೆ ಎತ್ತುವುದಿಲ್ಲ. ಈ ಅಭ್ಯಾಸ ಅವಳಿಗೆ ಎಲ್ಲಿಂದ ಬಂತು ಎಂದು ಯಾರೂ ಕೇಳಿರಲಿಲ್ಲ, ಅವಳೂ ಹೇಳಿರಲಿಲ್ಲ. ಒಡಹುಟ್ಟಿದ ನಾನೂ ಕೇಳಿರಲಿಲ್ಲ.

ನಾನು ಕೇಳದೇ ಇದ್ದುದಕ್ಕೆ ಕಾರಣವಿದೆ. ಈಯುವ ಪ್ರಾಣಿಗಳ ಹತ್ತಿರ ನಾನು ಸುಳಿಯುತ್ತಲೇ ಇರಲಿಲ್ಲ. ನಾನು ಹುಟ್ಟಿದ ನಾಲ್ಕನೆಯ ದಿನ ನನ್ನ ತಾಯಿ ಜ್ವರ ಬಂದು ಸತ್ತಳು. ಊರಿನ ಸಭಾಮನೆಯಲ್ಲಿ ಯಾರೋ ಮುದುಕಿ ನನ್ನ ಕೆನ್ನೆ ಹಿಡಿದು, ಪಾಪ, ಇವನು ಬಂದ, ಅವಳು ಹೋದಳು ಎಂದದ್ದು ನನಗೆ ನೆನಪಿರುವ ಮೊದಲ ಮಾತುಗಳಲ್ಲಿ ಒಂದು. ಮುದುಕಿ ಪ್ರೀತಿಯಿಂದಲೇ ಹೇಳಿದ್ದಳು. ಶಾಲೆಯ ಹುಡುಗರು ಅದನ್ನೇ ಪ್ರೀತಿಯಿಲ್ಲದೆ ಹೇಳಿದರು. ಇವನು ಕಾಲಿಟ್ಟ ಕಡೆ ತಾಯಂದಿರು ಉಳಿಯುವುದಿಲ್ಲ ಎಂಬ ಮಾತು ನನ್ನೊಳಗೆ ಯಾವಾಗ ಕೂತಿತೋ ತಿಳಿಯದು, ಆದರೆ ಎದ್ದು ಹೋಗಲಿಲ್ಲ. ನನ್ನ ಹೆಂಡತಿ ಹೆರುವಾಗ ನಾನು ಆಸ್ಪತ್ರೆಯ ಹೊರಗೆ ಟ್ರಕ್ಕಿನಲ್ಲಿ ಕೂತು, ಮಗು ಹುಟ್ಟಿ ತಾಯಿ ಚಹಾ ಕುಡಿದಳು ಎಂದು ಸುದ್ದಿ ಬರುವವರೆಗೂ ಇಳಿಯಲಿಲ್ಲ. ಎರಡು ಸಲವೂ ಹಾಗೆಯೇ. ಹೆಂಡತಿ ಇವತ್ತಿಗೂ ಅದನ್ನು ಎತ್ತಿ ಆಡುತ್ತಾಳೆ, ಆಡಲಿ.

ನನ್ನನ್ನು ಬೆಳೆಸಿದವಳು ಮಟೆರೋವ. ಅಮ್ಮ ಹೋದಾಗ ಅವಳಿಗೆ ಒಂಬತ್ತು. ನ್ಯಾನಿ ಎಂದರೆ ನಮ್ಮ ಅಜ್ಜಿ, ಅವಳಿಗೆ ಮಂಡಿ ನೋವು. ಅಪ್ಪ ದಿನವಿಡೀ ಗುಡ್ಡದ ಮೇಲೆ ಕುರಿಗಳ ಹಿಂದೆ. ಆ ಒಂಬತ್ತರ ಹುಡುಗಿ ನನ್ನನ್ನು ಸೊಂಟಕ್ಕೆ ಕಟ್ಟಿಕೊಂಡು ಕುದುರೆ ಹತ್ತಿ ಶಾಲೆಗೆ ಹೋಗುತ್ತಿದ್ದಳಂತೆ. ನನ್ನ ಹೆಸರು ಹಿರಿನಿ. ಅವಳು ಒಂದು ದಿನವೂ ಹಾಗೆ ಕರೆದವಳಲ್ಲ. ಐವತ್ತು ದಾಟಿ, ಮಂಡಿ ನನಗೂ ನೋಯತೊಡಗಿದರೂ ಅವಳಿಗೆ ನಾನು ಬಬ್, ಅಂದರೆ ಪಾಪು. ರಸ್ತೆ ಕೆಲಸದ ನಮ್ಮ ಗ್ಯಾಂಗಿನವರ ಮುಂದೆಯೂ ಬಬ್. ಮಾನ ಹೋಗುತ್ತದೆ ಮಾರಾಯ್ತಿ ಎಂದರೆ, ನಿನಗಿದ್ದದ್ದು ಯಾವಾಗ ಎನ್ನುತ್ತಾಳೆ.

ಅಪ್ಪನ ನಂತರ ಜಮೀನು ನೋಡಿಕೊಂಡದ್ದೂ ಅವಳೇ. ಹಿಕುರಂಗಿ ಬೆಟ್ಟ ಕಾಣುವ ಗುಡ್ಡ, ಕೆಳಗೆ ಹಳ್ಳ, ಕುರಿಗಳು, ಒಂದಿಷ್ಟು ದನ, ಅಪ್ಪ ಸಾಕಿದ ಕುದುರೆಗಳ ಸಂತಾನ. ಗಂಡ ಹೋಹೆಪ ಪಕ್ಕದ ಕಣಿವೆಯವನು, ಮದುವೆಯಾಗಿ ಇಲ್ಲಿಗೆ ಬಂದ. ಮೆತ್ತಗಿನ ಮನುಷ್ಯ, ದೇವರು ದಿಂಡರು ಎಂದರೆ ಭಯಭಕ್ತಿ. ಅಕ್ಕ ಬೈದರೆ ಟೋಪಿ ಸರಿ ಮಾಡಿಕೊಳ್ಳುತ್ತಾನೆ, ಅಷ್ಟೇ. ಬರಬರುತ್ತಾ ಅಪ್ಪನ ಕುದುರೆಗಳಲ್ಲಿ ಒಂದೇ ಉಳಿಯಿತು, ಕುಯಿನಿ. ಕಂದು ಬಣ್ಣ, ಹಣೆಯಲ್ಲಿ ಬಿಳಿ ಗೀರು, ಹದಿನೆಂಟು ದಾಟಿದ ಹೆಣ್ಣುಕುದುರೆ. ಮಟೆರೋವಳ ಸವಾರಿ ಅದೇ, ಮಾತುಕತೆಯೂ ಅದರ ಜೊತೆಯಲ್ಲೇ ಹೆಚ್ಚು.

ಆ ವಯಸ್ಸಿನಲ್ಲಿ ಕುಯಿನಿ ಗಬ್ಬವಾಯಿತು. ಯಾರೂ ಬಯಸಿದ್ದಲ್ಲ. ಗುಡ್ಡದ ಮೇಲೆ ಅಲೆಯುವ ಕಾಡುಕುದುರೆಗಳ ಗುಂಪು ಬೇಲಿಯ ಹತ್ತಿರ ಬಂದ ರಾತ್ರಿ ಇದು ಬೇಲಿ ಹಾರಿ ಹೋಗಿತ್ತು, ಬೆಳಿಗ್ಗೆ ಏನೂ ಆಗದವರ ಹಾಗೆ ಗೇಟಿನ ಮುಂದೆ ನಿಂತಿತ್ತು. ಅಕ್ಕ ಅದನ್ನು ಬೈದದ್ದು ಹಳ್ಳದ ಆಚೆಯ ನನ್ನ ಮನೆಗೂ ಕೇಳಿಸಿತು. ಆಮೇಲೆ ತಿಂಗಳು ಕಳೆದಂತೆ ಬೈಗುಳ ನಿಂತುಹೋಯಿತು. ಅವಳು ಬೈಯುವುದನ್ನು ನಿಲ್ಲಿಸಿದರೆ ಹೆದರಿದ್ದಾಳೆ ಎಂದೇ ಅರ್ಥ.

ವಸಂತ ಬಂತು, ಜೊತೆಗೆ ಬಿಡದ ಮಳೆ. ಕುಯಿನಿಗೆ ದಿನ ತುಂಬಿತು, ದಾಟಿತು, ಇನ್ನೂ ಈಯಲಿಲ್ಲ. ಹೊಟ್ಟೆ ಕೆಳಗಿಳಿಯಿತು, ಕೆಚ್ಚಲು ಬಿಗಿಯಿತು. ಒಂದು ಬೆಳಿಗ್ಗೆ ಮೊಲೆತೊಟ್ಟುಗಳ ತುದಿಯಲ್ಲಿ ಹಳದಿ ಮೇಣದಂತೆ ಗಿಣ್ಣು ಹಾಲಿನ ಹನಿ ಹೆಪ್ಪುಗಟ್ಟಿ ನಿಂತಿತ್ತು. ಮೇಣ ಬಂದರೆ ಇನ್ನು ತಡವಿಲ್ಲ. ಆ ದಿನ ಅಕ್ಕ ನನ್ನ ಮನೆಗೆ ಬಂದಳು. ಬಾಗಿಲಲ್ಲಿ ನಿಂತು, ಹೋಹೆಪನ ಬೆನ್ನು ಹಿಡಿದುಕೊಂಡಿದೆ, ಎಳೆಯುವ ಪ್ರಸಂಗ ಬಂದರೆ ಅವನ ಕೈಲಿ ಆಗುವುದಿಲ್ಲ, ನೀನು ಬಂದಿರಬೇಕು ಎಂದಳು.

ಗುಡ್ಡ ಕುಸಿದು ರಸ್ತೆ ಮುಚ್ಚಿದೆ, ಗ್ಯಾಂಗಿನವರು ಕಾಯುತ್ತಿದ್ದಾರೆ ಎಂದು ನಾನು ಏನೇನೋ ಹೇಳಿದೆ. ಎಲ್ಲಾ ನಿಜವೇ. ಅವಳು ಕೊನೆಯವರೆಗೂ ಕೇಳಿಸಿಕೊಂಡಳು.

"ನಂಗೂ ಭಯ ಕಣೋ ಬಬ್," ಎಂದಳು. "ಅದಕ್ಕೇ ಕರೀತಾ ಇದೀನಿ."

ಅವಳ ಬಾಯಲ್ಲಿ ಆ ಮಾತನ್ನು ನಾನು ಮೊದಲ ಸಲ ಕೇಳಿದೆ. ಬೂಟು ಹಾಕಿಕೊಂಡು ಹಿಂದೆಯೇ ಹೋದೆ.

ಕಾಯುವುದು ಎಂದರೆ ಏನು ಎಂದು ನನಗೆ ತಿಳಿದದ್ದು ಆಗ. ಕುದುರೆ ಹಸುವಿನ ಹಾಗಲ್ಲ. ಯಾರಾದರೂ ನೋಡುತ್ತಿದ್ದಾರೆ ಎಂದು ಗೊತ್ತಾದರೆ ನೋವನ್ನೇ ತಡೆದು ಹಿಡಿದುಕೊಂಡು ನಿಲ್ಲುತ್ತದೆ, ನಾವು ಅತ್ತ ಹೋದದ್ದೇ ತಡ ಮರಿ ಹಾಕಿಬಿಡುತ್ತದೆ. ಆದ್ದರಿಂದ ನೋಡಬೇಕು, ನೋಡುತ್ತಿಲ್ಲ ಎಂಬಂತೆಯೂ ಇರಬೇಕು. ಅಕ್ಕ ಬೇಲಿಯ ಪಕ್ಕದ ತಗಡಿನ ಚಪ್ಪರದ ಕೆಳಗೆ ಬಕೆಟ್ ಬೋರಲು ಹಾಕಿ, ಕುದುರೆಗೆ ಬೆನ್ನು ಮಾಡಿ ಕೂತು ಹಳೆಯ ಜೀನಿನ ಪಟ್ಟಿ ಹೊಲಿಯುತ್ತಿದ್ದಳು. ಮಡಿಲಲ್ಲಿ ಟ್ರಕ್ಕಿನಿಂದ ಬಿಚ್ಚಿ ತಂದ ಕನ್ನಡಿ ಇತ್ತು. ಅದರೊಳಗೆ ಕುಯಿನಿ. ಹೋಹೆಪ ಹಂದಿ ಮೂಳೆ ಮತ್ತು ಸೊಪ್ಪು ಬೇಯಿಸಿದ ಸಾರನ್ನು ಪಾತ್ರೆಯಲ್ಲಿ ತಂದುಕೊಟ್ಟು, ಒಂದು ಪ್ರಾರ್ಥನೆ ಹೇಳಿ, ಬೆನ್ನು ಹಿಡಿದುಕೊಂಡು ಹಿಂದಿರುಗುತ್ತಿದ್ದ. ಅಕ್ಕ ಬ್ರೆಡ್ಡನ್ನು ಸಾರಿನಲ್ಲಿ ಅದ್ದುತ್ತಿದ್ದಳೇ ಹೊರತು ಬಾಯಿಗೆ ಹಾಕಿಕೊಳ್ಳುತ್ತಿರಲಿಲ್ಲ. ಕೊನೆಗೆ ಅದು ನಾಯಿಗಳ ಪಾಲು.

ನನಗೆ ಕುಯಿನಿಗಿಂತ ಅಕ್ಕನ ಬೆನ್ನನ್ನು ನೋಡಿದರೆ ಭಯವಾಗುತ್ತಿತ್ತು. ಕುದುರೆ ಬಾಲ ಎತ್ತಿದರೆ ಆ ಬೆನ್ನು ಬಿಗಿಯುತ್ತಿತ್ತು, ಇಳಿಸಿದರೆ ಸಡಿಲವಾಗುತ್ತಿತ್ತು. ಎರಡು ಹಗಲು ಎರಡು ರಾತ್ರಿ ಹೀಗೆಯೇ ಹೋಯಿತು. ಅವಳು ಕಣ್ಣು ಮುಚ್ಚಿದ್ದನ್ನು ನಾನು ನೋಡಲಿಲ್ಲ. ನಾನು ಮುಚ್ಚಿದ್ದನ್ನು ಅವಳು ನೋಡಿದಳು, ಎರಡು ಸಲ ಮೊಣಕೈಯಿಂದ ತಿವಿದಳು.

ಮೂರನೆಯ ಬೆಳಿಗ್ಗೆ ಮಂಜು ಇನ್ನೂ ಹಳ್ಳದ ಮೇಲಿರುವಾಗ ಕುಯಿನಿ ಮುಂಗಾಲು ಮಡಿಸಿ ಮಲಗಿತು. ನೀರು ಒಡೆಯಿತು. ಅಕ್ಕ ಜೀನನ್ನು ಪಕ್ಕಕ್ಕಿಟ್ಟು ಮೆಲ್ಲಗೆ ಎದ್ದಳು, ನನ್ನ ತೋಳು ಹಿಡಿದು ಎಬ್ಬಿಸಿದಳು. ಬಿಳಿ ಪೊರೆಯೊಳಗೆ ಒಂದು ಗೊರಸು ಕಂಡಿತು, ಅದರ ಹಿಂದೆ ತುಸು ಅಂತರದಲ್ಲಿ ಇನ್ನೊಂದು, ಆಮೇಲೆ ಮೂತಿ. ಇಲ್ಲಿಯವರೆಗೂ ಸರಿ ಇದೆ ಎಂದು ಅವಳು ಪಿಸುಗುಟ್ಟಿದಳು. ಅಲ್ಲಿಗೆ ನಿಂತುಬಿಟ್ಟಿತು. ಕುಯಿನಿ ತಿಣುಕಿತು, ನರಳಿತು, ಕತ್ತನ್ನು ನೆಲಕ್ಕೆ ಬಡಿಯಿತು, ಮರಿ ಒಂದು ಬೆರಳಷ್ಟೂ ಮುಂದೆ ಬರಲಿಲ್ಲ. ಮರಿಯ ನಾಲಿಗೆ ಹೊರಬಿದ್ದು ನೀಲಿಯಾಗುತ್ತಿತ್ತು.

ನಾನು ಹಿಂದೆ ಹಿಂದೆ ಸರಿಯುತ್ತಿದ್ದೆ, ಬೇಲಿಯ ತಂತಿ ಬೆನ್ನಿಗೆ ತಾಗಿದಾಗಲೇ ಅದು ನನಗೆ ಗೊತ್ತಾದದ್ದು.

"ಬಬ್, ಆ ಹಿಂದಿರೋ ಕಾಲು ಹಿಡಿ," ಎಂದಳು ಅಕ್ಕ. ಕೂಗಲಿಲ್ಲ. "ಭುಜ ಸಿಕ್ಕಾಕೊಂಡಿದೆ. ಅವಳು ತಿಣುಕಿದಾಗ ಮಾತ್ರ ಎಳಿ. ಕೆಳಕ್ಕೆ ಎಳಿ, ಅವಳ ಕಾಲ ಕಡೆಗೆ."

ಜಾರುವ, ಬಿಸಿಯಾದ ಆ ಕಾಲನ್ನು ಗೋಣಿಚೀಲ ಸುತ್ತಿ ಹಿಡಿದೆ. ಕುಯಿನಿ ತಿಣುಕಿತು, ಎಳೆದೆ. ಮತ್ತೆ ತಿಣುಕಿತು, ಎಳೆದೆ. ಒಳಗೆ ಏನೋ ಕಳಚಿಕೊಂಡಂತಾಯಿತು, ಇಡೀ ಮರಿ ನನ್ನ ಮಡಿಲಿಗೆ ಜಾರಿ ಬಿತ್ತು. ಉಸಿರಿರಲಿಲ್ಲ. ಅಕ್ಕ ಅದರ ಮೂಗಿನ ಲೋಳೆ ಹಿಂಡಿ ತೆಗೆದಳು, ಪಕ್ಕೆ ತಿಕ್ಕಿದಳು, ಮೂಗಿನೊಳಗೆ ಹುಲ್ಲುಕಡ್ಡಿ ಆಡಿಸಿದಳು, ಜೊತೆಗೆ ಬಾಯಿಗೆ ಬಂದ ಬೈಗುಳವನ್ನೆಲ್ಲ ಬೈದಳು. ಆ ಬೈಗುಳ ಕೇಳಿಯೋ ಏನೋ ಮರಿ ಸೀನಿತು. ಹೆಣ್ಣುಮರಿ. ನಾನು ಅಳುತ್ತಿದ್ದೆ. ಅವಳು ಅದನ್ನು ನೋಡಿಯೂ ನೋಡದವಳಂತೆ ಹೊಕ್ಕುಳಿಗೆ ಔಷಧಿ ಹಚ್ಚುತ್ತಿದ್ದಳು.

ಬಿಸಿಲು ಬರುವಷ್ಟರಲ್ಲಿ ಮರಿ ಬಿದ್ದು ಎದ್ದು ಬಿದ್ದು ಎದ್ದು ನಿಂತಿತು, ಹಾಲನ್ನೂ ಹಿಡಿಯಿತು. ನನಗೆ ಎಲ್ಲಾ ಮುಗಿಯಿತು ಎನಿಸಿತು. ಅಕ್ಕನಿಗೆ ಮುಗಿದಿರಲಿಲ್ಲ. ಕುಯಿನಿಯ ಹಿಂದೆ ಮಾಸು ಇನ್ನೂ ಜೋತಾಡುತ್ತಿತ್ತು. ಕಾಲಿಗೆ ಸಿಕ್ಕಿ ಹರಿಯಬಾರದೆಂದು ಅದನ್ನು ಎತ್ತಿ ಗಂಟು ಹಾಕಿ ಬಿಟ್ಟಳು. ಎಳೆದು ತೆಗೆಯುವ ಹಾಗಿಲ್ಲ, ತಾನಾಗಿ ಬೀಳಬೇಕು. ಅವಳು ಮತ್ತೆ ಬಕೆಟ್ ಮೇಲೆ ಕೂರಲು ಹೋದಳು, ಕೂರುವಾಗಲೇ ವಾಲಿದಳು. ಹೋಹೆಪ ಹಿಡಿದುಕೊಂಡ. ನೀನು ಹೋಗಿ ಟ್ರಕ್ಕಿನಲ್ಲಿ ಸ್ವಲ್ಪ ಒರಗು, ನಾನು ನೋಡುತ್ತೇನೆ ಎಂದ. ಬಿದ್ದ ತಕ್ಷಣ ಎಬ್ಬಿಸಬೇಕು ಎಂದು ಅವನಿಂದ ಕೈಮೇಲೆ ಕೈ ಹಾಕಿಸಿಕೊಂಡು ಹೋದಳು. ಸೀಟಿನ ಮೇಲೆ ಬೂಟು ಸಮೇತ ಬಿದ್ದವಳು ಆ ಕ್ಷಣವೇ ನಿದ್ದೆ ಹೋದಳು. ನಾನು ಬಟ್ಟೆಯ ರಕ್ತ ತೊಳೆದುಕೊಳ್ಳಲು ಹಳ್ಳಕ್ಕೆ ಇಳಿದೆ.

ಹಿಂದಿರುಗುವಾಗ ಬೇಲಿಯ ಕೆಳಗಿನ ದೊಡ್ಡ ಸೈಪ್ರಸ್ ಮರದ ಬುಡದಲ್ಲಿ ಹೋಹೆಪ ಟೋಪಿ ತೆಗೆದು ನಿಂತಿದ್ದ. ಕಾಲ ಬಳಿ ಹೊಸ ಮಣ್ಣು, ಮಣ್ಣಿನಲ್ಲಿ ನೆಟ್ಟ ಸಲಿಕೆ.

ನಮ್ಮವರಲ್ಲಿ ಮಗು ಹುಟ್ಟಿದರೆ ಮಾಸನ್ನು ನೆಲಕ್ಕೆ ಕೊಡುತ್ತೇವೆ. ನನ್ನದು ಮನೆಯ ಮೇಲಿನ ಇಳಿಜಾರಿನಲ್ಲಿದೆ, ಒಂದು ಮರ ಅದರ ಗುರುತಾಗಿ ನಿಂತಿದೆ. ಅಕ್ಕನದೂ ಅಲ್ಲೇ ಹತ್ತಿರ. ಹೋಹೆಪನ ಮನೆತನದವರು ಕುದುರೆಗೂ ಹಾಗೆಯೇ ಮಾಡುತ್ತಾರೆ. ಈ ನೆಲದ ಹುಲ್ಲು ತಿಂದದ್ದಕ್ಕೆ ಈ ನೆಲದ ಋಣ ಎಂಬುದು ಅವರ ಲೆಕ್ಕ. ಅಕ್ಕ ಮದುವೆಯಾದಾಗಿನಿಂದ ಗಂಡ ಹೆಂಡಿರ ನಡುವೆ ಒಂದು ಒಪ್ಪಂದವಿತ್ತು: ಮೊದಲು ಅವಳು ಹಾಸಿ ನೋಡುತ್ತಾಳೆ, ಆಮೇಲೆ ಅವನು ಪ್ರಾರ್ಥನೆ ಹೇಳಿ ಹೂಳುತ್ತಾನೆ. ಇವತ್ತು ಮಾಸು ಬಿದ್ದಾಗ ನಾಯಿಗಳು ಸುತ್ತಿಕೊಂಡಿದ್ದವು. ನಾಯಿ ಬಾಯಿ ಹಾಕಿದರೆ ಅದು ಅವನಿಗೆ ಮೈಲಿಗೆ, ಅವಮಾನ, ಎರಡೂ. ಟ್ರಕ್ಕಿನಲ್ಲಿ ಹೆಂಡತಿ ಎರಡು ರಾತ್ರಿಯ ನಿದ್ದೆ ಮಾಡುತ್ತಿದ್ದಳು. ಎಬ್ಬಿಸಲು ಮನಸ್ಸಾಗಲಿಲ್ಲ. ಒಂದೇ ತುಂಡಾಗಿ ಬಿತ್ತು, ಚೆನ್ನಾಗಿಯೇ ಇತ್ತು ಎಂದು ಅವನು ನನಗೆ ಹೇಳುತ್ತಿರುವಾಗ ಟ್ರಕ್ಕಿನ ಬಾಗಿಲು ತೆರೆದ ಸದ್ದಾಯಿತು.

ಅಕ್ಕ ಬಂದಳು. ಕುಯಿನಿಯ ಹಿಂಭಾಗ ನೋಡಿದಳು, ಹೊಸ ಮಣ್ಣು ನೋಡಿದಳು. ಮುಖದ ಬಣ್ಣ ಇಳಿದುಹೋಯಿತು.

ಬೈಯುತ್ತಾಳೆ ಎಂದುಕೊಂಡೆ. ಬೈಯಲಿಲ್ಲ. ಎರಡೂ ಕೊನೆ ನೋಡಿದೆಯಾ ಎಂದು ಕೇಳಿದಳು. ಕುದುರೆಯ ಮಾಸು ಪ್ಯಾಂಟಿನ ಹಾಗೆ, ಒಂದು ದೊಡ್ಡ ಮೈ, ಎರಡು ಕಾಲು, ಅದರಲ್ಲಿ ಒಂದು ಚಿಕ್ಕದು. ಕಾಲುಗಳ ತುದಿ ಕಾಲುಚೀಲದಂತೆ ಮುಚ್ಚಿಕೊಂಡಿರಬೇಕು. ತೆರೆದುಕೊಂಡಿದ್ದರೆ ತುದಿ ಒಳಗೆ ಉಳಿದಿದೆ, ಕೊಳೆಯುತ್ತದೆ, ಕುದುರೆಗೆ ಜ್ವರ ಏರುತ್ತದೆ, ವಿಷ ಗೊರಸಿಗೆ ಇಳಿಯುತ್ತದೆ. ನಾಲ್ಕು ದಿನ ಬದುಕಿದರೆ ಹೆಚ್ಚು. ಹೋಹೆಪ ಟೋಪಿಯನ್ನು ಕೈಯಲ್ಲಿ ತಿರುಗಿಸುತ್ತಾ, ನೋಡಿದೆ ಅನ್ನಿಸುತ್ತೆ ಎಂದ. ಅವನಿಗೆ ಕನ್ನಡಕವಿಲ್ಲದೆ ಅವನ ಬೆರಳೇ ಕಾಣುವುದಿಲ್ಲ. ಕನ್ನಡಕ ಮನೆಯಲ್ಲಿತ್ತು.

ಅವಳು ಸಲಿಕೆಗೆ ಕೈ ಹಾಕಿದಳು. ಹೋಹೆಪ ಅದನ್ನು ಬಿಡಲಿಲ್ಲ. ಇಷ್ಟು ವರ್ಷದಲ್ಲಿ ಅವನು ಅವಳಿಗೆ ಅಡ್ಡ ನಿಂತದ್ದನ್ನು ನಾನು ಕಂಡದ್ದು ಅದೊಂದೇ ಸಲ.

"ಬೇಡ ಮಟಿ," ಎಂದ. "ನೆಲಕ್ಕೆ ಕೊಟ್ಟಾಯ್ತು. ಕೊಟ್ಟಿದ್ದನ್ನ ವಾಪಸ್ ತೆಗೆಯೋ ಹಾಗಿಲ್ಲ. ಕುಯಿನಿಗೇನಾದ್ರೂ ಆಗೋದಾದ್ರೆ ಹಾಗೆ ತೆಗೆದಿದ್ರಿಂದ್ಲೇ ಆಗುತ್ತೆ."

ಅವನು ಹೆದರಿದ್ದ, ಹಟ ಮಾಡುತ್ತಿರಲಿಲ್ಲ. ನಿಜ ಹೇಳಬೇಕೆಂದರೆ ನನಗೂ ಹಾಗೇ ಅನಿಸಿತು. ಅಗೆಯುವುದೆಂದರೆ ಸಮಾಧಿ ತೆಗೆದಂತೆ. ನನ್ನ ಕೈ ಮುಂದೆ ಬರಲಿಲ್ಲ.

ಅಕ್ಕ ಸಲಿಕೆ ಬಿಟ್ಟಳು. ಮೊಣಕಾಲೂರಿ ಕೂತು ಕೈಯಿಂದಲೇ ಮಣ್ಣು ಬಗೆಯತೊಡಗಿದಳು. ಬಗೆಯುತ್ತಲೇ, ಯಾರ ಮುಖವನ್ನೂ ನೋಡದೆ ಮಾತಾಡಿದಳು.

"ಅಮ್ಮಂಗೆ ಜ್ವರ ಏರಿದಾಗ ನರ್ಸಮ್ಮ ಬಂದ್ರು. ಮೊದ್ಲು ಕೇಳಿದ್ದೇ ಅದು. ಮಾಸು ಪೂರ್ತಿ ಬಂತಾ, ಯಾರು ನೋಡಿದ್ರಿ, ಎಲ್ಲಿದೆ ತೋರಿಸಿ ಅಂತ. ನ್ಯಾನಿ ಹೇಳಿದ್ರು, ನೆಲಕ್ಕೆ ಕೊಟ್ಟಾಯ್ತು, ತೆಗೆಯೋ ಹಾಗಿಲ್ಲ ಅಂತ. ಅಪ್ಪ ಸುಮ್ನೆ ನಿಂತಿದ್ರು. ಎಲ್ಲಾರೂ ಸುಮ್ನೆ ನಿಂತಿದ್ರು. ನಾನು ಬಾಗಿಲ ಹಿಂದೆ ಇದ್ದೆ. ಸಲಿಕೆ ಎಲ್ಲಿದೆ ಅಂತ ನಂಗೊತ್ತಿತ್ತು. ನಾನೂ ಸುಮ್ನೆ ನಿಂತಿದ್ದೆ."

ಮಳೆಗೆ ನೆನೆದ ಮಣ್ಣು ಅವಳ ಉಗುರಿನೊಳಗೆ ಸೇರುತ್ತಿತ್ತು. ನಾನು ಹುಟ್ಟಿದ ಮನೆಯ ಆ ಕೋಣೆಯ ಬಗ್ಗೆ, ಆ ನರ್ಸಿನ ಬಗ್ಗೆ ನನಗೆ ಯಾರೂ ಏನೂ ಹೇಳಿರಲಿಲ್ಲ. ನಾನು ಅಲ್ಲೇ ಕೂತುಬಿಟ್ಟೆ. ಹೋಹೆಪ ಟೋಪಿಯನ್ನು ಹುಲ್ಲಿನ ಮೇಲಿಟ್ಟ, ನೆಲವನ್ನು ಕ್ಷಮೆ ಕೇಳುವ ಒಂದು ಪ್ರಾರ್ಥನೆಯನ್ನು ಅಲ್ಲೇ ಕಟ್ಟಿ ಹೇಳಿದ. ಅಂಥದ್ದೊಂದು ನಮ್ಮಲ್ಲಿ ಇಲ್ಲ, ಬೇಕಾಗಿಯೇ ಇರಲಿಲ್ಲ. ಹೇಳಿ ಮುಗಿಸಿ, ಮುಲುಗುತ್ತಾ ಹೆಂಡತಿಯ ಎದುರಿಗೆ ಮೊಣಕಾಲೂರಿ ತಾನೂ ಕೈ ಹಾಕಿದ. ಆಗ ನಾನೂ ಹೋದೆ.

ಮಣ್ಣು ಮೆತ್ತಿದ್ದ ಮಾಸನ್ನು ಬಕೆಟ್ ನೀರಿನಿಂದ ತೊಳೆದು ಹುಲ್ಲಿನ ಮೇಲೆ ಹಾಸಿದಳು. ನಾನು ಐವತ್ತು ವರ್ಷ ಮುಖ ತಿರುಗಿಸಿಕೊಂಡು ಹೋಗಿದ್ದ ಆ ಕೆಲಸವನ್ನು ಪಕ್ಕದಲ್ಲಿ ಕೂತು ನೋಡಿದೆ. ಅವಳು ಮಡಿಕೆಗಳನ್ನು ಬಿಡಿಸಿದಳು, ದೊಡ್ಡ ಕಾಲಿನ ತುದಿಗೆ ಬೆರಳು ಹಾಕಿದಳು, ಮುಚ್ಚಿತ್ತು. ಚಿಕ್ಕ ಕಾಲನ್ನು ನೀಟಾಗಿ ಎಳೆದು ಬೆರಳು ಹಾಕಿದಳು. ಬೆರಳು ಆಚೆ ಬಂತು.

ಬೆರಳನ್ನು ಹಾಗೇ ಇಟ್ಟುಕೊಂಡು ಅವಳು ನನ್ನನ್ನು ನೋಡಿದಳು. ನಾನು ಆಗಲೇ ಎದ್ದಿದ್ದೆ.

ನಮ್ಮ ಕಣಿವೆಯಲ್ಲಿ ಫೋನಿಗೆ ಸಿಗ್ನಲ್ ಸಿಗಬೇಕೆಂದರೆ ಗುಡ್ಡದ ನೆತ್ತಿಗೆ ಹೋಗಬೇಕು. ಕೆಸರಿನಲ್ಲಿ ಬೈಕ್ ಓಡಿಸಿಕೊಂಡು ಹೋದೆ, ಎರಡು ಕಡೆ ಬಿದ್ದೆ. ಪಶುವೈದ್ಯೆ ಜಿನೆಟ್ ಫೋನ್ ಎತ್ತಿದಳು, ಆದರೆ ರಸ್ತೆ ಮುಚ್ಚಿದೆಯಲ್ಲ ಎಂದಳು. ಮುಚ್ಚಿದ ರಸ್ತೆಗಳ ವಿಷಯ ನನಗೆ ಹೇಳಿಕೊಡಬೇಕೇ? ಪೈನ್ ತೋಪಿನ ಮರದ ಲಾರಿಗಳ ದಾರಿ ಹೇಳಿದೆ, ನಮ್ಮ ಗ್ಯಾಂಗಿನ ಹುಡುಗರಿಗೆ ಹೇಳಿ ಗೇಟು ತೆಗೆಸಿಟ್ಟೆ. ಅವಳು ಬರುವಷ್ಟರಲ್ಲಿ ಮಧ್ಯಾಹ್ನ ಇಳಿದಿತ್ತು. ಕುಯಿನಿ ಹುಲ್ಲು ಬಿಟ್ಟಿತ್ತು. ಭುಜದ ಹತ್ತಿರ ಚರ್ಮ ಸಣ್ಣಗೆ ನಡುಗುತ್ತಿತ್ತು. ಅಕ್ಕ ಅದರ ಕತ್ತಿಗೆ ಕೈ ಹಾಕಿ ನಿಂತಿದ್ದಳು.

ಜಿನೆಟ್ ನಳಿಗೆ ಹಾಕಿ ಬಕೆಟ್‌ಗಟ್ಟಲೆ ಉಗುರುಬೆಚ್ಚನೆಯ ಉಪ್ಪುನೀರು ಒಳಗೆ ಬಿಟ್ಟಳು, ಹೊರಗೆ ತೆಗೆದಳು, ಮತ್ತೆ ಬಿಟ್ಟಳು. ಸೂಜಿಗಳನ್ನು ಚುಚ್ಚಿದಳು. ಕೊನೆಗೆ ಭುಜದವರೆಗೆ ಕೈಗವಸು ಹಾಕಿ ಕೈ ಒಳಗಿಟ್ಟು, ಕಣ್ಣು ಮುಚ್ಚಿಕೊಂಡು ಹುಡುಕಿದಳು. ಬಹಳ ಹೊತ್ತಿನ ಮೇಲೆ ಮೆಲ್ಲಗೆ ಕೈ ಹೊರತೆಗೆದಾಗ ಬೆರಳುಗಳ ನಡುವೆ ಒಂದು ಚೂರು ಇತ್ತು. ಕೆಂಪಗೆ, ಅಂಗೈಗಿಂತ ಚಿಕ್ಕದು. ಅಕ್ಕ ಅದನ್ನು ತೆಗೆದುಕೊಂಡು ಹೋಗಿ ಹುಲ್ಲಿನ ಮೇಲೆ ಹಾಸಿದ್ದ ಮಾಸಿನ ತೆರೆದ ತುದಿಗೆ ಇಟ್ಟು ನೋಡಿದಳು. ಕೂತಿತು.

"ನಾಳೆ ಕರೆದಿದ್ರೆ ನಾನು ಬಂದೂ ಪ್ರಯೋಜನ ಇರ್ತಿರ್ಲಿಲ್ಲ ಆಂಟಿ," ಎಂದಳು ಜಿನೆಟ್. "ಆದ್ರೂ ಈಗ್ಲೇ ಖುಷಿ ಪಡಬೇಡಿ. ನಾಲ್ಕನೇ ದಿನ ದಾಟ್ಲಿ. ಕಾಲು ತಣ್ಣಗಿರೋ ಹಾಗೆ ನೋಡ್ಕೊಳ್ಳಿ."

ನಾಲ್ಕನೆಯ ದಿನ ಎಂದಾಗ ಅಕ್ಕ ಮತ್ತು ನಾನು ಒಬ್ಬರನ್ನೊಬ್ಬರು ನೋಡಲಿಲ್ಲ.

ವಿಷ ಗೊರಸಿಗೆ ಇಳಿಯದಿರಲು ಕುದುರೆಯನ್ನು ತಣ್ಣೀರಿನಲ್ಲಿ ನಿಲ್ಲಿಸಬೇಕು. ಗುಡ್ಡದಿಂದ ಇಳಿದು ಬರುವ ನಮ್ಮ ಹಳ್ಳದ ನೀರು ಮೂಳೆ ಕೊರೆಯುವಷ್ಟು ತಣ್ಣಗಿತ್ತು. ಕುಯಿನಿಯನ್ನು ಅದರಲ್ಲಿ ನಿಲ್ಲಿಸಿ ಅಕ್ಕ ತಾನೂ ಇಳಿದು ನಿಂತಳು. ದಡದಲ್ಲಿ ಮರಿಯನ್ನು ಹಿಡಿದುಕೊಳ್ಳುವ ಕೆಲಸ ಹೋಹೆಪನದು, ಹಾಲಿಗೆ ಅದನ್ನು ತಾಯಿಯ ಬಳಿ ಬಿಟ್ಟು ಮತ್ತೆ ಹಿಡಿದುಕೊಳ್ಳುತ್ತಿದ್ದ. ಅವಳು ದಣಿದಾಗ ನಾನು ಇಳಿದೆ, ನಾನು ದಣಿದಾಗ ಅವಳು. ಸದ್ದಿಲ್ಲದೆ ಹಗ್ಗ ಕೈ ಬದಲಾಗುತ್ತಿತ್ತು. ಪ್ರತಿ ಸಲ ಅವಳು ಬಗ್ಗಿ ನಾಲ್ಕೂ ಗೊರಸಿನ ಮೇಲೆ ಅಂಗೈ ಇಡುತ್ತಿದ್ದಳು, ಬೆಚ್ಚಗಿದ್ದರೆ ವಿಷ ಇಳಿದಂತೆ. ಎರಡನೆಯ ದಿನ ಎಡ ಮುಂಗಾಲಿನ ಗೊರಸು ಬೆಚ್ಚಗಿದೆ ಎಂದಳು. ಆ ರಾತ್ರಿ ಯಾರೂ ಮನೆಗೆ ಹೋಗಲಿಲ್ಲ. ಹೋಹೆಪ ನನ್ನ ಪಕ್ಕ ಕೂತು, ಇದು ನಾನು ಮಾಡಿದ್ದರಿಂದಲೋ ಅವಳು ಅಗೆದದ್ದರಿಂದಲೋ ಎಂದು ಮೆಲ್ಲಗೆ ಕೇಳಿದ. ಬಾಯಿ ಮುಚ್ಚಿಕೊಂಡು ಮರಿ ಹಿಡಿ ಎಂದೆ. ಅವನಿಗೆ ಅದರಿಂದ ಸ್ವಲ್ಪ ಸಮಾಧಾನವಾದಂತೆ ಕಂಡಿತು.

ನಾಲ್ಕನೆಯ ದಿನ ಬೆಳಿಗ್ಗೆ ಅಕ್ಕ ನೀರಿಗಿಳಿಯುವ ಮೊದಲೇ ಬಗ್ಗಿ ಗೊರಸು ಮುಟ್ಟಿದಳು. ಒಂದು, ಇನ್ನೊಂದು, ಹಿಂದಿನವು. ಎಡ ಮುಂಗಾಲಿನ ಮೇಲೆ ಕೈ ಬಹಳ ಹೊತ್ತು ಇಟ್ಟಿದ್ದಳು. ಕುಯಿನಿಗೆ ಬೇಸರ ಬಂದು ಕತ್ತು ಚಾಚಿ ದಡದ ಹುಲ್ಲನ್ನು ಕಿತ್ತು ಅಗಿಯತೊಡಗಿತು. ಅಗಿಯುವ ಸದ್ದು ಕೇಳಿಸುತ್ತಿತ್ತು. ಅಕ್ಕ ಎದ್ದಳು, ನನ್ನನ್ನು ನೋಡಿ ತಲೆಯಾಡಿಸಿದಳು. ತಣ್ಣಗಿತ್ತು.

ಆಮೇಲೆ ಅವಳು ಮನೆಯೊಳಗೆ ಹೋಗಿ ಬೆಲ್ಲದ ಪಾಕದ ಹಳೆಯ ಡಬ್ಬಿಯೊಂದನ್ನೂ ನೀರಿನ ಬಾಟಲಿಯನ್ನೂ ತಂದಳು. ಬಾ ಎಂದಳು. ಸೈಪ್ರಸ್ ಮರದ ಬುಡಕ್ಕೆ ಹೋದೆವು. ಉಳಿದ ಮಾಸನ್ನು ಹೋಹೆಪ ಅವತ್ತೇ ಮತ್ತೆ ನೆಲಕ್ಕೆ ಕೊಟ್ಟಿದ್ದ. ಅವಳು ಆ ಮಣ್ಣನ್ನು ಒಂದು ಬೊಗಸೆಯಷ್ಟು ತೆಗೆದು ಕುಳಿ ಮಾಡಿದಳು. ಡಬ್ಬಿಯ ಮುಚ್ಚಳ ತೆಗೆದಾಗ ಉಪ್ಪಿನೊಳಗೆ ಆ ಚೂರು ಇತ್ತು. ನಾಲ್ಕು ದಿನ ಉಪ್ಪು ಹಾಕಿ ಇಟ್ಟಿದ್ದಳು, ಮಾಂಸ ಇಟ್ಟ ಹಾಗೆ. ಅಡುಗೆಮನೆಯಲ್ಲೇ ಇಟ್ಟಿದ್ದೆಯಾ ಮಾರಾಯ್ತಿ ಎಂದು ಕೇಳಲು ಹೊರಟೆ.

ಅಷ್ಟರಲ್ಲಿ ಅವಳು ನನ್ನ ಕೈ ಹಿಡಿದು, ಅಂಗೈ ಬಿಡಿಸಿ ಅದನ್ನು ನಡುವೆ ಇಟ್ಟಳು. ಒಣಗಿ ಇನ್ನೂ ಚಿಕ್ಕದಾಗಿತ್ತು. ತೂಕವೇ ಇರಲಿಲ್ಲ.

"ಇಷ್ಟೇ ಕಣೋ ಬಬ್," ಎಂದಳು. "ಅಮ್ಮನ ಒಳಗೂ ಇಷ್ಟೇ ಉಳ್ಕೊಂಡಿದ್ದು. ನೀನು ಆಗ್ಲೇ ಹೊರಗೆ ಬಂದಿದ್ದೆ, ನನ್ನ ಮಡಿಲಲ್ಲಿ ಮಲ್ಕೊಂಡಿದ್ದೆ. ನೀನಲ್ಲ."

ನನಗೆ ಕೈ ಮುಚ್ಚಲೂ ಆಗಲಿಲ್ಲ, ತೆರೆದಿಡಲೂ ಆಗಲಿಲ್ಲ. ಅವಳೇ ನನ್ನ ಕೈಯನ್ನು ಕುಳಿಯ ಮೇಲೆ ಬಗ್ಗಿಸಿದಳು. ಚೂರು ಒಳಗೆ ಬಿತ್ತು, ಇಬ್ಬರೂ ಸೇರಿ ಮಣ್ಣು ಎಳೆದೆವು. ನಂತರ ಬಾಟಲಿಯ ನೀರು ಹುಯ್ದು ನನ್ನ ಕೈ ತೊಳೆದಳು, ನಾನು ಚಿಕ್ಕವನಿದ್ದಾಗ ತೊಳೆಯುತ್ತಿದ್ದ ಹಾಗೆಯೇ, ಒಂದೊಂದೇ ಬೆರಳು ಬಿಡಿಸಿ.